ಕೃಷ್ಣೆಯ ಗುಂಟ, ಕೆ.ಎಲ್. ರಾವ್ ಜಾಡಿನಲ್ಲಿ

ನಮ್ಮ ಆಲಮಟ್ಟಿಯನ್ನು ಎಷ್ಟೋ ಸಲ ನೋಡಿದ್ದೇನೆ. ಆದರೂ ನಾಗಾರ್ಜುನಸಾಗರದ ಕೆಳಗಿನ ಸೇತುವೆಯ ಮೇಲೆ ನಿಂತು ತಲೆ ಎತ್ತಿದಾಗ ಮಾತೇ ಹೊರಡಲಿಲ್ಲ. ಪಾಯದಿಂದ 124 ಮೀಟರ್ ಎತ್ತರ, ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, ನೆತ್ತಿಯ ಮೇಲೆ 26 ಗೇಟುಗಳು. ಅದಷ್ಟೂ ಕಲ್ಲು! ಊರ ಬಾವಿಯ ಹಾಗೆ ಕಲ್ಲಿನ ಮೇಲೆ ಕಲ್ಲಿಟ್ಟು, ಸಂದಿಗೆ ಗಾರೆ ತುಂಬಿ ಏರಿಸಿದ್ದು. ಕಟ್ಟುವ ಕಾಲದ ಚಿತ್ರಗಳನ್ನು ನೋಡಿದವರಿಗೆ ಗೊತ್ತು: ಗೋಡೆಯ ಮೈಗೆ ಹಬ್ಬಿದ ಮರದ ಸಾರುವೆ, ಅದರ ಓರೆ ದಾರಿಗಳಲ್ಲಿ ಇರುವೆಸಾಲಾಗಿ ಹೆಂಗಸರು, ಗಂಡಸರು, ತಲೆಯ ಮೇಲೆ ಸಿಂಬಿ, ಅದರ ಮೇಲೆ ಗಾರೆಯ ಬುಟ್ಟಿ. ಯಂತ್ರ ದುಬಾರಿಯಾಗಿದ್ದು ದುಡಿಯುವ ಕೈಗಳು ಧಾರಾಳವಾಗಿದ್ದ ದೇಶ ತನಗೊಪ್ಪುವ ದಾರಿಯನ್ನೇ ಹಿಡಿದಿತ್ತು.

ಈ ಗೋಡೆಯ ವಿನ್ಯಾಸದ ಹಿಂದಿದ್ದ ಮುಖ್ಯರಲ್ಲಿ ಒಬ್ಬರು ಕಾನೂರಿ ಲಕ್ಷ್ಮಣ ರಾವ್. ನಾನು ಇಲ್ಲಿಗೆ ಬಂದದ್ದೇ ಅವರಿಗಾಗಿ. 1902ರಲ್ಲಿ ವಿಜಯವಾಡದ ಪಕ್ಕದ ಕಂಕಿಪಾಡಿನಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆ ತೀರಿಕೊಂಡರು. ಶಾಲೆಯಲ್ಲಿ ಆಡುವಾಗ ಪೆಟ್ಟು ಬಿದ್ದು ಒಂದು ಕಣ್ಣಿನ ದೃಷ್ಟಿ ಹೋಯಿತು. ಉಳಿದ ಒಂದೇ ಕಣ್ಣಿನಲ್ಲಿ ಅವರು ಮದರಾಸಿನಲ್ಲಿ ಎಂಜಿನಿಯರಿಂಗ್ ಓದಿದರು, ರಂಗೂನಿನಲ್ಲಿ ಪಾಠ ಹೇಳಿದರು, 1939ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಡಾಕ್ಟರೇಟ್ ಪಡೆದರು. ಆಮೇಲೆ ದಿಲ್ಲಿಯ ಕೇಂದ್ರ ಜಲ ಮತ್ತು ವಿದ್ಯುತ್ ಆಯೋಗ. ಆಗಿನ ನಂದಿಕೊಂಡ ಯೋಜನೆ, ಈಗಿನ ನಾಗಾರ್ಜುನಸಾಗರ, ಅವರ ನಕ್ಷೆಯ ಮೇಜಿಗೆ ಬಂದದ್ದು ಅಲ್ಲಿ.

ನೆಹರೂ ಅಡಿಗಲ್ಲು ಇಟ್ಟದ್ದು 1955ರ ಡಿಸೆಂಬರ್ 10ರಂದು. ಇಂದಿರಾ ಗಾಂಧಿ ಕಾಲುವೆಗಳಿಗೆ ನೀರು ಬಿಟ್ಟದ್ದು 1967ರ ಆಗಸ್ಟ್‌ನಲ್ಲಿ. ಆ ಹೊತ್ತಿಗೆ ಎಂಜಿನಿಯರ್ ರಾವ್ ಕೇಂದ್ರದ ನೀರಾವರಿ ಮತ್ತು ವಿದ್ಯುತ್ ಸಚಿವರಾಗಿದ್ದರು! ಕಾಗದದ ಮೇಲೆ ತಾನು ಎಳೆದ ಗೆರೆ ಕಲ್ಲಾಗಿ ನಿಂತು, ಅದರ ತೂಬು ತೆರೆಯುವ ಹೊತ್ತಿಗೆ ತಾನೇ ಆ ಖಾತೆಯ ಮಂತ್ರಿಯಾಗಿರುವುದು ಎಷ್ಟು ಮಂದಿ ಎಂಜಿನಿಯರರಿಗೆ ದಕ್ಕೀತು?

ವಿಜಯಪುರಿ ಸೌತ್‌ನಿಂದ ಲಾಂಚ್ ಹತ್ತಿದೆ. ಜಲಾಶಯದ ನಟ್ಟನಡುವೆ ನಾಗಾರ್ಜುನಕೊಂಡ. ಇಕ್ಷ್ವಾಕು ಅರಸರ ರಾಜಧಾನಿ ವಿಜಯಪುರಿ, ಅದರ ಸ್ತೂಪಗಳು, ವಿಹಾರಗಳು ಇದ್ದ ಕಣಿವೆ ಈ ನೀರಿನ ಅಡಿಯಲ್ಲಿದೆ. ಮುಳುಗುವ ಮೊದಲು, 1954ರಿಂದ 1960ರವರೆಗೆ, ಪುರಾತತ್ವ ಇಲಾಖೆ ಅಗೆದು, ಉಳಿಸಬಹುದಾದುದನ್ನು ಈ ಬೆಟ್ಟಕ್ಕೂ ದಡದ ಅನುಪುವಿಗೂ ಸಾಗಿಸಿ ಮತ್ತೆ ಜೋಡಿಸಿತು. ಮ್ಯೂಸಿಯಮ್ಮಿನಲ್ಲಿ ಮಾಸಲು ಸುಣ್ಣಗಲ್ಲಿನ ಒಂದು ಫಲಕದ ಮುಂದೆ ಬಹಳ ಹೊತ್ತು ನಿಂತೆ. ಅಂಗೈಯಷ್ಟು ಜಾಗದಲ್ಲಿ ಒತ್ತೊತ್ತಾಗಿ ಜನ, ಒಬ್ಬೊಬ್ಬರ ಸೊಂಟದ ಬಾಗು ಬೇರೆ, ಬಳೆಗಳ ಸಾಲು ಬೇರೆ. ಹಳೆಯ ಬಾಗಲಕೋಟೆ ನೀರಿಗೆ ಹೋದದ್ದನ್ನು ಕಂಡ ನಮ್ಮ ಕಡೆಯವರಿಗೆ ಈ ದ್ವೀಪದಲ್ಲಿ ಬೆರಗಿನ ಜತೆಗೆ ಸಂಕಟವೂ ಆಗುತ್ತದೆ. ಅಣೆಕಟ್ಟನ್ನು ಮೆಚ್ಚುವವರು ಈ ದ್ವೀಪಕ್ಕೂ ಬರಬೇಕು.

ರಾವ್ 1962, 1967, 1971ರಲ್ಲಿ ವಿಜಯವಾಡದಿಂದ ಲೋಕಸಭೆಗೆ ಗೆದ್ದರು. 1963ರಿಂದ ಹತ್ತು ವರ್ಷ, ಮೂವರು ಪ್ರಧಾನಿಗಳ ಕೈಕೆಳಗೆ ಅದೇ ಖಾತೆ ನೋಡಿಕೊಂಡರು. ಕೃಷ್ಣಾ ನೀರಿನ ಹಂಚಿಕೆಗೆ ಬಚಾವತ್ ನ್ಯಾಯಮಂಡಳಿ ರಚನೆಯಾದದ್ದೂ ಅವರ ಕಾಲದಲ್ಲೇ, 1969ರಲ್ಲಿ. 1972ರಲ್ಲಿ ಅವರು ಮುಂದಿಟ್ಟ ಗಂಗಾ–ಕಾವೇರಿ ಯೋಜನೆಯ ಅಳತೆ ಕೇಳಿದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ: ಪಟ್ನಾದ ಬಳಿ ಗಂಗೆಯಿಂದ ವರ್ಷಕ್ಕೆ 150 ದಿನ 60,000 ಕ್ಯೂಸೆಕ್ ನೀರು ಎತ್ತಿ, ವಿಂಧ್ಯ ದಾಟಿಸಿ, 2,640 ಕಿಲೋಮೀಟರ್ ದೂರದ ಕಾವೇರಿಗೆ ತರುವುದು. ಎತ್ತಬೇಕಾದ ಎತ್ತರವೇ ಅರ್ಧ ಕಿಲೋಮೀಟರಿಗೂ ಹೆಚ್ಚು. ವೆಚ್ಚ, ವಿದ್ಯುತ್ತು ಎರಡೂ ಕೈಮೀರಿದವೆಂದು ಅದು ಅಲ್ಲಿಗೇ ನಿಂತಿತು. ನಿಂತದ್ದು ಸರಿಯೇ ಎನ್ನುವವನು ನಾನು. ಆದರೆ ಇಡೀ ದೇಶದ ನದಿಗಳನ್ನು ಒಂದೇ ಹೊಲದ ಕಾಲುವೆಗಳಂತೆ ಕಂಡ ಆ ಒಂಟಿ ಕಣ್ಣಿಗೆ ಕೈಮುಗಿಯದೆ ಇರಲಾರೆ. ಆತ್ಮಕಥೆಗೆ ಅವರಿಟ್ಟ ಹೆಸರು ‘ದಿ ಕ್ಯೂಸೆಕ್ಸ್ ಕ್ಯಾಂಡಿಡೇಟ್’.

ಕಂಕಿಪಾಡಿಗೆ ಹೋದ ಮೇಲೆ ಆ ಕ್ಯೂಸೆಕ್ಕಿನ ಹುಚ್ಚು ಎಲ್ಲಿಂದ ಹತ್ತಿತೆಂದು ತಿಳಿಯುತ್ತದೆ. ಇದು ಕೃಷ್ಣೆಯ ಡೆಲ್ಟಾ. ರಾವ್ ಹುಟ್ಟುವ ಅರ್ಧ ಶತಮಾನದ ಮೊದಲೇ ಬೆಜವಾಡದಲ್ಲಿ (ಈಗಿನ ವಿಜಯವಾಡದಲ್ಲಿ) ಬ್ರಿಟಿಷರು ಕಟ್ಟಿದ ಆಣೆಕಟ್ಟೆಯ ನೀರು ಕುಡಿದ ನೆಲ. ಕಣ್ಣು ಹಾಯುವವರೆಗೂ ಭತ್ತ, ರಸ್ತೆಯ ಪಕ್ಕದಲ್ಲೇ ಕಾಲುವೆ. ಇಲ್ಲಿ ಹುಟ್ಟಿದ ಹುಡುಗ ನದಿಯನ್ನು ಅಳತೆಗೋಲಿನ ಜತೆಗೇ ಕಂಡಿರಬೇಕು. ರಾವ್ 1986ರಲ್ಲಿ ತೀರಿಕೊಂಡರು. ನಾಗಾರ್ಜುನಸಾಗರಕ್ಕೂ ವಿಜಯವಾಡಕ್ಕೂ ನಡುವೆ ಪುಲಿಚಿಂತಲದಲ್ಲಿ ಕಟ್ಟಿದ ಜಲಾಶಯಕ್ಕೆ ಅವರ ಹೆಸರಿದೆ: ಡಾ. ಕೆ.ಎಲ್. ರಾವ್ ಸಾಗರ. ಸುಮಾರು 45 ಟಿಎಂಸಿ ನೀರು ಹಿಡಿದಿಟ್ಟು, ಮುಂಗಾರು ತಡವಾದ ವರ್ಷವೂ ಈ ಡೆಲ್ಟಾದ ಸಸಿಮಡಿಗಳಿಗೆ ಹೊತ್ತಿಗೆ ಸರಿಯಾಗಿ ನೀರು ಕೊಡುವುದು ಅದರ ಕೆಲಸ.