ಒಬ್ಬರ ರಕ್ತ, ಇನ್ನೊಬ್ಬರ ಗಂಧೆ

ಪೋಲೆಂಡಿನ ವ್ರೊತ್ಸ್ವಾಫ್ ಊರಿನ ಹಳೆಯ ದ್ವೀಪದಲ್ಲಿ ಕತ್ತಲಾಗುತ್ತಲೇ ಕರಿ ನಿಲುವಂಗಿ, ಎತ್ತರದ ಟೋಪಿ ತೊಟ್ಟವನೊಬ್ಬ ಬಂದು ಬೀದಿಯ ಗ್ಯಾಸ್ ದೀಪಗಳನ್ನು ಒಂದೊಂದಾಗಿ ಹೊತ್ತಿಸುತ್ತಾನೆ. ಅವನ ಹಿಂದೆ ಪ್ರವಾಸಿಗರ ದಂಡು. ಹಗಲಲ್ಲಿ ಅದೇ ದಂಡು ಮೂಲೆಮೂಲೆಗೆ ಕೂತ ಕಂಚಿನ ಕುಬ್ಜರನ್ನು ಹುಡುಕುತ್ತಿರುತ್ತದೆ. ಕೆಳಗೆ ಓದ್ರಾ ನದಿ ಕವಲೊಡೆದು ಹರಿಯುತ್ತದೆ. ಎಷ್ಟು ಸೇತುವೆ ದಾಟಿದರೂ ಇನ್ನೊಂದು ಎದುರಾಗುತ್ತದೆ. ನನ್ನ ಬೆರಗು ಮಾತ್ರ ಹಿಂದೆ ಈ ಊರಲ್ಲಿದ್ದ ಒಬ್ಬರ ಹೊಟ್ಟೆಯ ಚರ್ಮದ ಮೇಲೆ ಎದ್ದ ಒಂದು ಗಂಧೆಯದು.

1945ರವರೆಗೆ ಇದು ಜರ್ಮನಿಯ ಬ್ರೆಸ್ಲಾವ್. ಗಂಧೆಯ ಕತೆ ಶುರುವಾಗುವುದು ಒಂದು ಕೋಶದಿಂದ. 1854ರಲ್ಲಿ ಇಲ್ಲೇ ಸಮೀಪದ ಊರಿನಲ್ಲಿ ಹುಟ್ಟಿದ ಪೌಲ್ ಏರ್ಲಿಖ್ ಓದಿದ್ದು ಈ ಊರಲ್ಲಿ. ಬಟ್ಟೆಗೆ ಹಾಕುವ ಅನಿಲಿನ್ ಬಣ್ಣಗಳನ್ನು ಜೀವಕೋಶಗಳಿಗೆ ಹಚ್ಚಿ ನೋಡುವ ಗೀಳು ಅವರಿಗೆ ಅಂಟಿದ್ದು ತಾಯಿಯ ಕಡೆಯ ಬಂಧು ಕಾರ್ಲ್ ವೈಗರ್ಟ್‌ರಿಂದ. 1878ರಲ್ಲಿ ಲೈಪ್‌ಜಿಗ್‌ಗೆ ಒಪ್ಪಿಸಿದ ಪ್ರಬಂಧದಲ್ಲಿ ಏರ್ಲಿಖ್ ಮಾಸ್ಟ್ ಕೋಶವನ್ನು ವರ್ಣಿಸಿದರು: ಒಡೆದ ದಾಳಿಂಬೆಯಂತೆ ಒಳಗೆಲ್ಲ ಕಿಕ್ಕಿರಿದ ಕಾಳು. ಹೊಟ್ಟೆ ತುಂಬ ಉಂಡ ಕೋಶ ಇದು ಎಂದೇ ಅವರ ಊಹೆ. ಮರುವರ್ಷ ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ಕಣಗಳನ್ನೂ ಗುರುತಿಸಿದರು. ಬಣ್ಣ ಸಿಕ್ಕಿತು, ಕೆಲಸ ತಿಳಿಯಲಿಲ್ಲ.

ಕೆಲಸದ ಸುಳಿವು ಸಿಕ್ಕಿದ್ದು 1921ರಲ್ಲಿ, ಇದೇ ಊರಲ್ಲಿ. ಸ್ತ್ರೀರೋಗ ವೈದ್ಯ ಹೈನ್ಸ್ ಕ್ಯುಸ್ಟ್ನರ್‌ಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಅವರ ಜೊತೆಗಾರ ಕಾರ್ಲ್ ಪ್ರಾಸ್ನಿಟ್ಸ್‌ಗೆ ಮೀನಿನ ತಂಟೆಯಿಲ್ಲ, ಹುಲ್ಲಿನ ಪರಾಗದ ಕಾಟ. ಕ್ಯುಸ್ಟ್ನರ್ ರಕ್ತದ ಸೀರಮ್ ಅನ್ನು ಪ್ರಾಸ್ನಿಟ್ಸ್ ತಮ್ಮ ಹೊಟ್ಟೆಯ ಚರ್ಮಕ್ಕೇ ಚುಚ್ಚಿಸಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ. ನಿಮಿಷಗಳಲ್ಲಿ ಕೆಂಪಗೆ ಗಂಧೆ ಎದ್ದಿತು! ಬೇರೆಯವರ ಮೀನಿನ ಮುನಿಸು ಇವರ ಮೈಯಲ್ಲಿ! ತಿರುಗುಮುರುಗಾಗಿ ಮಾಡಿದ ಪ್ರಯೋಗ ಫಲಿಸಲಿಲ್ಲ. ಪರಾಗದ ಬಾಧೆ ಕ್ಯುಸ್ಟ್ನರ್‌ಗೆ ದಾಟಲೇ ಇಲ್ಲ. ಒಂದು ಕೈಗೂಡಿದ್ದೇ ಸಾಕಾಯಿತು. ಅಲರ್ಜಿಯನ್ನು ಹೊತ್ತು ತಿರುಗುವ ಏನೋ ಒಂದು ಸೀರಮ್‌ನಲ್ಲಿದೆ ಎಂದು ಗೊತ್ತಾಯಿತು.

ಏರ್ಲಿಖ್‌ರ ಕೋಶಕ್ಕೂ ಪ್ರಾಸ್ನಿಟ್ಸ್‌ರ ಗಂಧೆಗೂ ಗಂಟು ಬಿದ್ದದ್ದು ತೀರ ತಡವಾಗಿ. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಇಶಿಜಾಕಾ ದಂಪತಿ ಆ 'ಏನೋ ಒಂದ'ನ್ನು ಹಿಡಿದರು: ಐಜಿಇ ಎಂಬ ಪ್ರತಿಕಾಯ. ಅದು ಚರ್ಮದ ಮಾಸ್ಟ್ ಕೋಶಕ್ಕೆ ಅಂಟಿಕೊಂಡು ಕಾದಿರುತ್ತದೆ. ಒಗ್ಗದ ವಸ್ತು ಬಂದು ಎರಡು ಪ್ರತಿಕಾಯಗಳನ್ನು ಬೆಸೆದರೆ ಸಾಕು, ಕಾಳುಗಳು ಹೊರಬೀಳುತ್ತವೆ, ಹಿಸ್ಟಮಿನ್ ಚೆಲ್ಲುತ್ತದೆ, ಸಣ್ಣ ರಕ್ತನಾಳಗಳು ಸೋರುತ್ತವೆ, ಚರ್ಮ ಊದುತ್ತದೆ. ಕೆಲವು ಗಂಟೆ ಕಳೆದು ರಕ್ತದಿಂದ ಇಯೋಸಿನೋಫಿಲ್, ಬೇಸೋಫಿಲ್‌ಗಳು ಬಂದು ಸೇರುತ್ತವೆ. ಬೇಸೋಫಿಲ್‌ಗಳು ಬಿಳಿ ರಕ್ತಕಣಗಳಲ್ಲಿ ಶೇಕಡಾ ಒಂದಕ್ಕೂ ಕಡಿಮೆ. ಆದರೂ ತಮ್ಮ ಚೀಲದಲ್ಲಿ ಹಿಸ್ಟಮಿನ್ ಇಟ್ಟುಕೊಂಡೇ ಓಡಾಡುತ್ತವೆ. ನಮ್ಮಲ್ಲಿ ಪಿತ್ತದ ಗಂಧೆ ಎನ್ನುವುದು, ದೊಡ್ಡಪತ್ರೆ ರಸ ಹಚ್ಚುವುದು ಬಹುಮಟ್ಟಿಗೆ ಚರ್ಮದ ಈ ಊತಕ್ಕೇ. ಪಿತ್ತಕ್ಕೆ ಇಲ್ಲಿ ಪಾತ್ರವೇ ಇಲ್ಲ, ಪಾಪ.

ಪ್ರಾಸ್ನಿಟ್ಸ್‌ಗೆ ಈ ಊರು ಉಳಿಯಲಿಲ್ಲ. ನಾಜಿಗಳು ಬಂದ ಮೇಲೆ, ತಂದೆಯ ಕಡೆಯ ಯೆಹೂದಿ ಮೂಲದಿಂದಾಗಿ ಜರ್ಮನಿ ಬಿಟ್ಟು ಇಂಗ್ಲೆಂಡಿನ ವೈಟ್ ದ್ವೀಪದ ವೆಂಟ್ನರ್‌ನಲ್ಲಿ ಸಾಮಾನ್ಯ ವೈದ್ಯರಾಗಿ ನೆಲೆಸಿದರು, 1963ರಲ್ಲಿ ತೀರಿಕೊಂಡರು. ಐಜಿಇ ಸಿಕ್ಕ ಸುದ್ದಿ ಕೇಳಲು ಅವರಿರಲಿಲ್ಲ. ಸೀರಮ್ ಜೊತೆ ಕಾಮಾಲೆಯೂ ಹರಡುವ ಭಯದಿಂದ, ಒಬ್ಬರ ಸೀರಮ್ ಇನ್ನೊಬ್ಬರಿಗೆ ಚುಚ್ಚಿ ನೋಡುವ ಪರೀಕ್ಷೆಯನ್ನೂ ವೈದ್ಯರು ಮುಂದೆ ಕೈಬಿಟ್ಟರು.

ನೀವು ವ್ರೊತ್ಸ್ವಾಫ್‌ಗೆ ಹೋದರೆ ಹೆರಿಂಗ್ ಮೀನು ತಟ್ಟೆಗೆ ಬರುತ್ತದೆ. ಮೀನು ಒಗ್ಗದವರು ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಬರೀ ತುರಿಕೆಯಾದರೆ ಹಿಸ್ಟಮಿನ್ ತಡೆಯುವ ಮಾತ್ರೆ ಸಾಕಾಗಬಹುದು. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಿ.