ಕಂಡವರ ಸಾಕ್ಷಿ

ಕೃಷ್ಣರಾಜಪೇಟೆಯ ವೃದ್ಧ ಶ್ರಾವಕಿಯೊಬ್ಬರ ಮಗ ಅಮೆರಿಕದ ಪೌರನಾಗಿ, ಒಂಟಿಯಾಗಿದ್ದ ತಾಯಿಯನ್ನು ತನ್ನಲ್ಲಿಗೆ ಕರೆಸಿಕೊಳ್ಳಲು ಅಲ್ಲಿನ ವಲಸೆ ಇಲಾಖೆಗೆ ಐ-130 ನಮೂನೆಯ ಅರ್ಜಿ ಸಲ್ಲಿಸಿದ್ದನು. ಕೆಲವು ತಿಂಗಳ ಅನಂತರ ಇಲಾಖೆಯು ಹೆಚ್ಚಿನ ಸಾಕ್ಷ್ಯ ಕೇಳಿ ಪತ್ರ ಬರೆಯಿತು. ಈಕೆಯೇ ಹೆತ್ತ ತಾಯಿ ಎಂಬುದಕ್ಕೆ ಜನನ ದಾಖಲೆ ಬೇಕಾಗಿತ್ತು. ಇಂತಹ ಪತ್ರಕ್ಕೆ, ಅಂಚೆಯ ದಿನಗಳನ್ನು ಬಿಟ್ಟರೆ, ಹೆಚ್ಚೆಂದರೆ 12 ವಾರಗಳ ಗಡುವು, ಅದು ವಿಸ್ತರಣೆಯಾಗದು. ಉತ್ತರವನ್ನೆಲ್ಲ ಒಂದೇ ಬಾರಿಗೆ ಕಳುಹಿಸಬೇಕು.

ಮಗ ಹುಟ್ಟಿದ್ದು 1966ರಲ್ಲಿ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಸಮೀಪದ ಹಳ್ಳಿಮನೆಯಲ್ಲಿ. 1969ರ ಜನನ ಮರಣ ನೋಂದಣಿ ಕಾಯಿದೆಗೆ ಮುಂಚಿನ ಎಷ್ಟೋ ಮನೆಹೆರಿಗೆಗಳು ದಾಖಲಾಗಿಲ್ಲ. ಹುಡುಕಿಸಿದಾಗ ದೊರೆತದ್ದು ದಾಖಲೆ ಲಭ್ಯವಿಲ್ಲವೆಂಬ ಪತ್ರ ಮಾತ್ರ. ಶಾಲೆಯ ಪುಸ್ತಕದಲ್ಲಿ ತಂದೆಯ ಹೆಸರಿತ್ತು, ತಾಯಿಯದಿರಲಿಲ್ಲ. ಹೀಗಾದಾಗ, ಜನನವನ್ನು ಸ್ವತಃ ಬಲ್ಲ, ಅರ್ಜಿದಾರರಲ್ಲದ ಇಬ್ಬರ ಅಫಿಡವಿಟ್ಟುಗಳನ್ನು ಇಲಾಖೆಯು ಪರಿಶೀಲಿಸುತ್ತದೆ.

ಬಸದಿಯ ಟ್ರಸ್ಟಿನ ಹಿರಿಯರೊಬ್ಬರು ಮರುಕದಿಂದ, "ಅಮ್ಮಾ, ನಾನೇ ಬರೆದುಕೊಡುತ್ತೇನೆ. ಟ್ರಸ್ಟಿನ ಮೊಹರಿದ್ದರೆ ಯಾರು ಪ್ರಶ್ನಿಸುತ್ತಾರೆ?" ಎಂದರು.

"ಆಗ ನೀವು ನಮ್ಮನ್ನು ನೋಡಿಯೇ ಇರಲಿಲ್ಲವಲ್ಲಪ್ಪ" ಎಂದು ಆ ತಾಯಿ ಮೆಲ್ಲನೆ ನುಡಿದರು.

ಆಕೆ ತಾಯಿಯೆಂಬುದು ಸತ್ಯವೇ ಆಗಿರುವಾಗ ದೋಷವೆಲ್ಲಿ? "ನಾನು ಕಂಡೆ" ಎಂಬ ಮಾತಿನಲ್ಲಿ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳೊಳಗೆ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಎಣಿಸಿದ್ದಾರೆ. ಉದ್ದೇಶ ಒಳ್ಳೆಯದಾದರೆ ಬರಹ ನಿಜವಾಗದು. ಮೇಲಾಗಿ ಮೊಹರು ಸಮಾಜದ ಸ್ವತ್ತು. ಒಬ್ಬರ ಮರುಕಕ್ಕಾಗಿ ಅದರ ನಂಬಿಕೆಯನ್ನು ವೆಚ್ಚಮಾಡುವ ಅಧಿಕಾರ ಯಾರಿಗೂ ಇಲ್ಲ.

ಹಿರಿಯರು ನಾಚಿದರು, ಆದರೆ ಕೈಬಿಡಲಿಲ್ಲ. ಹೆರಿಗೆಯ ದಿನ ಮನೆಯಲ್ಲಿದ್ದವರು ಯಾರೆಂದು ಆಕೆಯಿಂದ ಕೇಳಿ ತಿಳಿದು, ತಾವೇ ಹುಡುಕಿ ಹೊರಟರು. ಅಂದು ಹದಿನಾಲ್ಕರ ಬಾಲೆಯಾಗಿದ್ದ ನಾದಿನಿ ಶ್ರೀರಂಗಪಟ್ಟಣದಲ್ಲಿ ದೊರೆತರು. ಬಿಸಿನೀರು ಕಾಯಿಸಿಕೊಟ್ಟ ನೆರೆಮನೆಯಾಕೆ ಮಗಳೊಡನೆ ಪಾಂಡವಪುರದಲ್ಲಿದ್ದರು. ಬೆರಳಚ್ಚಿನವನು ಜನ್ಮದಿನಾಂಕ ಸೇರಿಸಹೋದಾಗ ಆ ಅಜ್ಜಿ ತಡೆದರು: "ಮಳೆಗಾಲವೆಂದು ಬಲ್ಲೆ, ತಾರೀಖು ಅರಿಯೆ. ಅರಿಯದ್ದನ್ನು ಹಾಕಬೇಡಪ್ಪ." ಹಾಗೆಯೇ ಬರೆಯಲಾಯಿತು. ಗಡುವಿಗೆ ಎಂಟು ದಿನವಿರುವಾಗ ಎಲ್ಲವೂ ಒಂದೇ ಲಕೋಟೆಯಲ್ಲಿ ಇಲಾಖೆಯನ್ನು ತಲುಪಿತು. ಮುಂದೆ ಅರ್ಜಿ ಅಂಗೀಕಾರವಾಯಿತು.

ಅಂಗೀಕಾರವಾಗದಿದ್ದರೂ ಆ ತಾಯಿ ನಷ್ಟಹೊಂದುತ್ತಿರಲಿಲ್ಲವೆನ್ನುವುದು ಸುಲಭ. ಆಕೆಗೆ ಮಗನ ಸಾಮೀಪ್ಯವೇ ತಪ್ಪುತ್ತಿತ್ತು. ಅದನ್ನು ಅರಿತೇ ಆಕೆ ಬೇಡವೆಂದಿದ್ದರು. ಇಂದು ಆ ಟ್ರಸ್ಟಿನಲ್ಲಿ ಯಾರೇ ಪತ್ರ ಕೇಳಿದರೂ, ಮೊಹರು ತೆಗೆಯುವ ಮೊದಲು ಹಿರಿಯರು ಕೇಳುವ ಪ್ರಶ್ನೆ ಒಂದೇ: "ಇದನ್ನು ನಮ್ಮಲ್ಲಿ ಕಂಡವರು ಯಾರು?"