ಫರಸಿಯ ನಾಡಿನಿಂದ ಹಿಮನದಿಯ ಬುಡಕ್ಕೆ



ನಮ್ಮ ಭಾಗದ ನೆಲ ಸಮತಟ್ಟಾದುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಲ್ಲಿ ಎಲ್ಲಿ ನಿಂತು ನೋಡಿದರೂ ಕಣ್ಣಿಗೆ ಬೀಳುವುದು ತೊಗರಿಯ ಹೊಲ, ಸಿಮೆಂಟ್ ಕಾರ್ಖಾನೆಯ ಚಿಮಣಿ, ಗಣಿಯ ಅಂಚಿನಲ್ಲಿ ಪೇರಿಸಿಟ್ಟ ಫರಸಿ ಕಲ್ಲು. ಎತ್ತರವೆಂದರೆ ನಮಗೆ ಚಿಂಚೋಳಿಯ ಗುಡ್ಡಗಳೇ ಸರಿ. ಸಮುದ್ರಮಟ್ಟದಿಂದ ನಾಲ್ಕೈದು ನೂರು ಮೀಟರಿನಲ್ಲಿ ನಮ್ಮ ಬದುಕೆಲ್ಲ ಮುಗಿಯುತ್ತದೆ. ಇಂತಹ ನಾಡಿನಲ್ಲಿ ಬೆಳೆದ ನನ್ನ ಶಿಷ್ಯೆಯೊಬ್ಬಳು ನಾಲ್ಕು ಸಾವಿರ ಮೀಟರಿಗೂ ಮೇಲೆ, ಹಿಮಾಲಯದ ಹಿಮನದಿಯೊಂದರ ಬುಡದಲ್ಲಿ ಡೇರೆ ಹಾಕಿಕೊಂಡು ಸಂಶೋಧನೆ ಮಾಡಿದ್ದಾಳೆ.

ಕಳೆದ ತಿಂಗಳು ಬಂಧುವೊಬ್ಬರು ಫೋನ್ ಮಾಡಿ, ತಮ್ಮ ಮಗನಿಗೆ ಅಂಥದೇ ಅಧ್ಯಯನಕ್ಕೆ ಸೀಟು ದೊರೆತಿದೆ, ಬಿಸಿಲೂರಿನ ಹುಡುಗ ಅಷ್ಟು ಚಳಿಯಲ್ಲಿ ಬದುಕಿಯಾನೇ, ಕಳಿಸುವುದೋ ಬೇಡವೋ ಎಂದು ಕೇಳಿದರು. ಫೋನಿನಲ್ಲಿ ಹೇಳಿದ್ದು ಸಾಲದೆನಿಸಿ ಇದನ್ನು ಬರೆಯುತ್ತಿದ್ದೇನೆ. ಶಿಷ್ಯೆಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬೇಡವೆಂದಿದ್ದರಿಂದ ಬಿಟ್ಟಿದ್ದೇನೆ.

ಅವಳ ತಂದೆ ಶಹಾಬಾದಿನ ಬಳಿ ಫರಸಿಗೆ ಪಾಲಿಶ್ ಹಾಕುವ ಕೆಲಸದಲ್ಲಿದ್ದವರು. ಹುಡುಗಿ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಕೈಕೆಳಗೆ ಓದಿದಳು. ನಾನು ಭೂಗೋಳ ಕಲಿಸುವಾಗ ಮಕ್ಕಳನ್ನು ಹತ್ತಿರದ ಗಣಿಗೆ ಕರೆದೊಯ್ಯುವ ರೂಢಿಯಿತ್ತು. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಏಳುವ ನಮ್ಮ ಕಲ್ಲು ಒಂದಾನೊಂದು ಕಾಲದ ಸಮುದ್ರದ ತಳ ಎಂದು ಅಲ್ಲಿಯೇ ನಿಂತು ಹೇಳುತ್ತಿದ್ದೆ. ಈ ಶಿಲಾಸಮೂಹಕ್ಕೆ 1872ರಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ಅವರು ಭೀಮಾ ನದಿಯ ಹೆಸರನ್ನೇ ಇಟ್ಟರು. ಎವರೆಸ್ಟ್ ಶಿಖರದ ನೆತ್ತಿಯೂ ಸುಣ್ಣಕಲ್ಲೇ, ಅದೂ ಸಮುದ್ರದ ತಳದಿಂದ ಎದ್ದದ್ದು ಎಂದು ಒಮ್ಮೆ ಹೇಳಿದಾಗ ಈ ಹುಡುಗಿ ಎದ್ದು ನಿಂತು, "ಹಂಗಾದ್ರ ನಮ್ಮ ಕಲ್ಲು ಯಾಕ ಮ್ಯಾಲ ಹೋಗಿಲ್ರಿ ಸರ್?" ಎಂದು ಕೇಳಿದಳು. ಭಾರತದ ನೆಲ ಏಷ್ಯಾದ ನೆಲಕ್ಕೆ ಬಡಿದಾಗ ಮಡಚಿ ಮೇಲೆದ್ದದ್ದು ಅಂಚಿನ ಭಾಗ, ನಾವಿರುವುದು ಹಳೆಯ ಗಟ್ಟಿ ನೆಲದ ಮೇಲೆ, ಆದ್ದರಿಂದ ನಮ್ಮ ಕಲ್ಲು ಮಲಗಿದಲ್ಲಿಯೇ ಮಲಗಿದೆ ಎಂದೆ. ಆ ಪ್ರಶ್ನೆಯೇ ಅವಳನ್ನು ಗುಲಬರ್ಗಾ ವಿಶ್ವವಿದ್ಯಾಲಯದ ಭೂವಿಜ್ಞಾನದ ಎಂ.ಎಸ್ಸಿ.ಗೂ, ಅಲ್ಲಿಂದ 2021ರಲ್ಲಿ ಉತ್ತರ ಭಾರತದ ಸಂಸ್ಥೆಯೊಂದಕ್ಕೂ ಕರೆದೊಯ್ದಿತೆಂದು ಅವಳೇ ಹೇಳುತ್ತಾಳೆ.

2022ರ ಜೂನ್ ತಿಂಗಳಲ್ಲಿ ಅವಳು ಮೊದಲ ಕ್ಷೇತ್ರಕಾರ್ಯಕ್ಕೆ ಹೊರಟಳು. ವಾಡಿ ಜಂಕ್ಷನ್ನಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವಾಗ ಊರಲ್ಲಿ ನಲವತ್ತು ಡಿಗ್ರಿಯ ಬಿಸಿಲು. ಹೋಗಬೇಕಾದದ್ದು ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ಚಂದ್ರಾ ಕಣಿವೆಗೆ. ಚಂದ್ರಾ ಮತ್ತು ಭಾಗಾ ಎಂಬ ಎರಡು ನದಿಗಳು ತಾಂಡಿಯಲ್ಲಿ ಕೂಡಿ ಚಿನಾಬ್ ಆಗುತ್ತವೆ. ಈ ಕಣಿವೆಯ ಛೋಟಾ ಶಿಗ್ರಿ ಎಂಬ ಹಿಮನದಿಯನ್ನು 2002ರಿಂದ ವರ್ಷವರ್ಷವೂ ಅಳೆಯುತ್ತ ಬಂದಿದ್ದಾರೆ. ಇದೇ ಕಣಿವೆಯಲ್ಲಿ 2016ರಲ್ಲಿ 'ಹಿಮಾಂಶ್' ಎಂಬ ಸಂಶೋಧನಾ ಕೇಂದ್ರವನ್ನು ಸುಮಾರು 4,080 ಮೀಟರ್ ಎತ್ತರದಲ್ಲಿ ಸ್ಥಾಪಿಸಲಾಯಿತು. ನಮ್ಮ ಹುಡುಗಿಯ ತಂಡದ ಬಿಡಾರವೂ ಅಷ್ಟೇ ಎತ್ತರದಲ್ಲಿತ್ತು. ಕೆಲಸದ ಜಾಗ ಅದಕ್ಕಿಂತ ಇನ್ನೂ ಮೇಲೆ.

ಎತ್ತರದಲ್ಲಿ ಆಮ್ಲಜನಕ ಕಡಿಮೆ ಎಂದು ನಾವು ಹೇಳುತ್ತೇವೆ. ಗಾಳಿಯಲ್ಲಿ ಅದರ ಪಾಲು ಅಲ್ಲಿಯೂ ನೂರಕ್ಕೆ ಇಪ್ಪತ್ತೊಂದೇ. ಆದರೆ ಗಾಳಿಯ ಒತ್ತಡವೇ ಕುಗ್ಗಿರುತ್ತದೆ. ನಾಲ್ಕು ಸಾವಿರ ಮೀಟರಿನಲ್ಲಿ ಅದು ಸಮುದ್ರಮಟ್ಟದ ಒತ್ತಡದ ಸುಮಾರು ಅರವತ್ತು ಪಾಲು ಮಾತ್ರ. ಆದ್ದರಿಂದ ಒಂದು ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ. ದಾರಿಯಲ್ಲಿ ಕೆಲವು ದಿನ ತಂಗಿ ಹೋಗಿದ್ದರೂ ಬಿಡಾರದ ಮೊದಲ ರಾತ್ರಿಯೇ ಅವಳಿಗೆ ತಲೆ ಸಿಡಿಯುವ ನೋವು, ವಾಂತಿ. ಕಣ್ಣು ಮುಚ್ಚಿದರೆ ಉಸಿರು ನಿಂತಂತಾಗಿ ಗಾಬರಿಯಿಂದ ಎಚ್ಚರ. ತಂಡದ ಹಿರಿಯರು ಬೆಳಗಾಗುತ್ತಲೇ ಅವಳನ್ನು ಕೆಳಗೆ ಇಳಿಸಿದರು. ಎತ್ತರದ ಬೇನೆ ಹೆಚ್ಚಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಆಗ ಕೆಳಗಿಳಿಯುವುದೇ ಮೊದಲ ಮದ್ದು.

ಫೋನ್ ಸಿಗುವ ಜಾಗಕ್ಕೆ ಬಂದವಳೇ ನನಗೆ ಕರೆ ಮಾಡಿದಳು. "ಸರ್, ಭಾಳ ದಮ್ಮು ಹತ್ತತದ್ರಿ. ನನ್ನ ಕೈಲಿಂದ ಆಗಲ್ಲ ಅನಸ್ತದ. ಊರಿಗೆ ಬಂದ್ಬಿಡ್ಲಿ?" ಎಂದಳು. ನಾನು, "ನೋಡವ್ವಾ, ಜ್ವರ ಬಂದಾಗ ಹೊಲ ಮಾರಬಾರದು. ಮೊದಲು ಆರಾಮಾಗು. ಮೇಲೆ ಹೋಗುವುದೋ ಬೇಡವೋ ಎಂದು ಅಲ್ಲಿಯ ಅನುಭವಸ್ಥರು ಹೇಳಲಿ. ಓದು ಬಿಡುವ ಮಾತನ್ನು ಇವತ್ತು ಆಡಬೇಡ" ಎಂದಷ್ಟೇ ಹೇಳಿದೆ.

ಸಂಜೆ ಅವಳ ತಂದೆಯ ಮನೆಗೆ ಹೋದೆ. ಆತ ಕಲ್ಲಿನ ಪುಡಿಯಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಮನೆಯಿಂದ ಕಿರಾಣಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದರು. ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಆಕಿಗಿ ಹೇಳ್ರಿ, ದೊಡ್ಡ ಹೆಜ್ಜಿ ಇಡಬ್ಯಾಡ ಅನ್ರಿ. ಒಂದ್ ಹೆಜ್ಜಿ, ಒಂದ್ ಉಸಿರು. ಉಸಿರು ತಿರುಗಿ ಬರೋತನಕ ಮುಂದಿನ ಕಾಲು ಎತ್ತಬಾರ್ದು. ನಾ ದಿನಾ ಹಿಂಗೇ ನಡೀತೀನ್ರಿ" ಎಂದರು. ನಾನು ಅದನ್ನು ಹಾಗೆಯೇ ಅವಳಿಗೆ ತಲುಪಿಸಿದೆ. ಪರ್ವತಾರೋಹಣದ ಶಿಬಿರಗಳಲ್ಲಿ ಕಲಿಸುವ ನಡಿಗೆಯೂ ಇದೇ ಎಂದು ಅವಳು ಆಮೇಲೆ ತಿಳಿಸಿದಳು. ಪ್ರತಿ ಹೆಜ್ಜೆಗೂ ಹಿಂದಿನ ಕಾಲಿನ ಮೇಲೆ ಭಾರ ಬಿಟ್ಟು, ಒಂದು ಕ್ಷಣ ವಿಶ್ರಮಿಸಿ, ಉಸಿರಿನ ಲಯಕ್ಕೆ ಕಾಲನ್ನು ಹೊಂದಿಸುವುದು.

ಮೂರು ದಿನಗಳ ಬಳಿಕ ಅವಳು ಮತ್ತೆ ಹತ್ತಿದಳು. ದೇಹ ಹೊಂದಿಕೊಳ್ಳುವ ಕ್ರಮ ಸೋಜಿಗದ್ದು. ಮೊದಲು ಉಸಿರಾಟ ವೇಗವಾಗುತ್ತದೆ. ಅದರಿಂದ ರಕ್ತದ ಆಮ್ಲ-ಕ್ಷಾರಗಳ ಸಮತೋಲ ತಪ್ಪಿದಾಗ ಮೂತ್ರಪಿಂಡಗಳು ಕೆಲವು ದಿನಗಳಲ್ಲಿ ಸರಿಪಡಿಸುತ್ತವೆ. ವಾರಗಳು ಕಳೆದಂತೆ ರಕ್ತದಲ್ಲಿ ಕೆಂಪುಕಣಗಳು ಹೆಚ್ಚುತ್ತವೆ. ಇದನ್ನು ಅವಸರಪಡಿಸಲು ಯಾವ ಪೈಲ್ವಾನನಿಗೂ ಸಾಧ್ಯವಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ಅಲ್ಲಿಯ ನಿಯಮ. ಹಗಲು ಎತ್ತರಕ್ಕೆ ಹತ್ತಿದರೂ ರಾತ್ರಿ ಕೆಳಗೆ ಬಂದು ಮಲಗುತ್ತಾರೆ.

ಇನ್ನು ಬಯಲಿನ ಬದುಕು. ತೊಗರಿಯ ನಾಡಿನವಳು ಊರಿನಿಂದ ಬೇಳೆ ಕಟ್ಟಿಕೊಂಡು ಹೋಗಿದ್ದಳು. ಅಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಬೋಗುಣಿಯಲ್ಲಿ ಎಷ್ಟು ಹೊತ್ತು ಇಟ್ಟರೂ ಬೇಳೆ ಬೇಯಲಿಲ್ಲವಂತೆ. ಕುಕ್ಕರ್ ಬಂದ ಮೇಲೆಯೇ ಸಾರು. ಹಸಿವೆ ಸತ್ತಿದ್ದ ಮೊದಲ ದಿನಗಳಲ್ಲಿ ಅವಳನ್ನು ಕಾಯ್ದದ್ದು ತಾಯಿ ಕಟ್ಟಿಕೊಟ್ಟ ಕಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ. ಚಳಿಗಿಂತ ಬಿಸಿಲೇ ಅಲ್ಲಿ ವಂಚಕ. ಮೈಗೆ ತಣ್ಣಗಿದ್ದರೂ ಚರ್ಮ ಸುಲಿಯುತ್ತದೆ, ಕಪ್ಪು ಕನ್ನಡಕ ಮರೆತರೆ ಹಿಮದ ಹೊಳಪಿಗೆ ಕಣ್ಣು ಬೇನೆ ಬೀಳುತ್ತದೆ. ನಮ್ಮ ಹೊಲದ ಹೆಂಗಸರಂತೆ ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಳ್ಳುವ ಅಭ್ಯಾಸವನ್ನು ಅವಳು ಯಾರಿಂದಲೂ ಕಲಿಯಬೇಕಾಗಲಿಲ್ಲ. ಬೆವರು ಬರುವಷ್ಟು ಬಟ್ಟೆ ತೊಡದೆ, ಒಂದರ ಮೇಲೊಂದು ತೆಳುವಾಗಿ ಹಾಕಿ, ನಡೆಯುವಾಗ ತೆಗೆದು ನಿಂತಾಗ ತೊಡುವುದನ್ನು ಮಾತ್ರ ಕಲಿತಳು.

ಅವಳು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಹೊಳೆಯ ಮಾತು. ನಮ್ಮ ಕಾಗಿಣಾ ಮಳೆಗೆ ತುಂಬುತ್ತದೆ. ಅಲ್ಲಿಯ ತೊರೆಗಳು ಬಿಸಿಲಿಗೆ ತುಂಬುತ್ತವೆ. ಬೆಳಗ್ಗೆ ಮೊಣಕಾಲಿನವರೆಗೆ ಇದ್ದ ನೀರು ಮಧ್ಯಾಹ್ನ ಹಿಮ ಕರಗಿ ಸೊಂಟಕ್ಕೆ ಬರುತ್ತದೆ. ಆದ್ದರಿಂದ ಹೊತ್ತು ಏರುವ ಮೊದಲೇ ದಾಟಬೇಕು, ತಡವಾದರೆ ಆಚೆ ದಡದಲ್ಲೇ ಉಳಿಯಬೇಕು.

ಕೆಲಸವಾದರೂ ಏನು? ಹಬೆಯ ಯಂತ್ರದಿಂದ ಮಂಜುಗಡ್ಡೆಯಲ್ಲಿ ಆಳವಾದ ತೂತು ಕೊರೆದು ಬಿದಿರಿನ ಕೋಲು ನೆಡುವುದು. ಬೇಸಿಗೆ ಮುಗಿದಾಗ ಕೋಲು ಎಷ್ಟು ಹೊರಗೆ ಕಾಣುತ್ತದೆಯೋ ಅಷ್ಟು ಮಂಜು ಕರಗಿದೆ ಎಂದರ್ಥ. ಮೇಲ್ಭಾಗದಲ್ಲಿ ಗುಂಡಿ ತೋಡಿ, ಆ ವರ್ಷ ಬಿದ್ದ ಹಿಮದ ದಪ್ಪವನ್ನೂ ಸಾಂದ್ರತೆಯನ್ನೂ ಅಳೆಯುತ್ತಾರೆ. ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಜಮಾ-ಖರ್ಚಿನ ಲೆಕ್ಕ ಅದು. ಛೋಟಾ ಶಿಗ್ರಿಯ ಲೆಕ್ಕದಲ್ಲಿ ಕೆಲವು ವರ್ಷ ಜಮೆ ಇದ್ದರೂ ಒಟ್ಟಿನಲ್ಲಿ ಖರ್ಚೇ ಹೆಚ್ಚಾಗಿದೆ.

ಎತ್ತರದಲ್ಲಿ ಬುದ್ಧಿಯೂ ಮಂಕಾಗುತ್ತದೆ. ಕೂಡಿಸುವ ಲೆಕ್ಕ ತಪ್ಪುತ್ತದೆ, ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ಆದ್ದರಿಂದ ಅವಳ ಮಾರ್ಗದರ್ಶಕರು ಕೊಟ್ಟ ಸೂತ್ರ: ಮೇಲೆ ಬರೆದುಕೋ, ಕೆಳಗೆ ಯೋಚಿಸು. ಪೆನ್ನಿನ ಶಾಯಿ ಹೆಪ್ಪುಗಟ್ಟುವುದರಿಂದ ಪೆನ್ಸಿಲ್ಲೇ ಗತಿ. ಬ್ಯಾಟರಿಗಳನ್ನು ರಾತ್ರಿ ಮಲಗುವ ಚೀಲದೊಳಗೆ ಮೈಗೆ ಒತ್ತಿಕೊಂಡು ಮಲಗಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಇವಳು ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಬರೆದುಕೊಂಡಳು. ದಣಿದ ತಲೆಗೆ ತಾಯ್ನುಡಿ ಬೇಗ ಒದಗುತ್ತದೆ ಎಂದಳು.

2024ರ ಜೂನ್‌ನಲ್ಲಿ ನಾನೇ ಮಗಳ ಕುಟುಂಬದೊಡನೆ ಮನಾಲಿಗೆ ಹೋಗಿದ್ದೆ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ, ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗದ ಮೂಲಕ ಲಾಹೌಲಿಗೆ ದಾಟಿ ಕೇಲಾಂಗ್ ತಲುಪಿದೆವು. ಎತ್ತರ ಮೂರು ಸಾವಿರ ಮೀಟರಿಗಿಂತ ತುಸು ಹೆಚ್ಚು. ವಸತಿಗೃಹದ ಹದಿನೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ಎರಡು ಬಾರಿ ಕಠಾಂಜನ ಹಿಡಿದು ನಿಂತೆ. ಅವಳು ಬಿಡಾರದಿಂದ ಇಳಿದು ಬಂದು ನಮ್ಮನ್ನು ಕಂಡಳು. ಮುಖ ಕಪ್ಪಿಟ್ಟಿತ್ತು, ತುಟಿ ಒಡೆದಿತ್ತು, ನಡಿಗೆ ಮಾತ್ರ ನಿರಾಳ. ಚಹಾ ಕುಡಿಯುತ್ತ ಕುಳಿತಾಗ ಅವಳು ಹೇಳಿದ ಮಾತು ಇದು: "ಸರ್, ಆ ಮೊದಲ ರಾತ್ರಿ ಉಸಿರು ಸಾಲದ ಕುಂತಾಗ ಅಪ್ಪ ನೆನಪಾದ್ರು. ರಾತ್ರಿ ಅವರು ಎದ್ದು ಕುಂಡ್ರೋದು ದಿನಾ ನೋಡ್ತಿದ್ದೆ. ಹೆಂಗಿರ್ತದ ಅಂತ ಗೊತ್ತಿರಲಿಲ್ರಿ. ನನ್ನ ಮೈ ಹತ್ತು ದಿನದಾಗ ಹೊಂದಿಕೊಂಡ್ತು. ಅವರು ಇಳಿದು ಹೋಗಾಕ ಕೆಳಗ ಜಾಗಾನೇ ಇಲ್ಲಲ್ರಿ."

ನಾನು ಏನೂ ಉತ್ತರ ಕೊಡಲಿಲ್ಲ. ಕೊಡುವಂತಹ ಉತ್ತರವೂ ಇರಲಿಲ್ಲ.

ಮೊದಲ ವರ್ಷದ ಕ್ಷೇತ್ರಕಾರ್ಯ ಮುಗಿಸಿ ಬಂದವಳೇ ಅವಳು ಮಾಡಿದ ಕೆಲಸವೆಂದರೆ ತಂದೆಯನ್ನು ಕಲಬುರಗಿಗೆ ಕರೆದೊಯ್ದು ಎದೆಯ ತಪಾಸಣೆ ಮಾಡಿಸಿದ್ದು. ಪುಡಿಯ ಕೆಲಸ ಬಿಡಲೇಬೇಕೆಂದು ವೈದ್ಯರು ಹೇಳಿದರು. ಬಿಟ್ಟರೆ ಮನೆ ನಡೆಯಬೇಕಲ್ಲ? ಕೇಂದ್ರ ಸರ್ಕಾರದ ಕಿರಿಯ ಸಂಶೋಧನಾ ವೇತನ ತಿಂಗಳಿಗೆ 31,000 ರೂಪಾಯಿ ಇದ್ದದ್ದು 2023ರಲ್ಲಿ 37,000 ಆಯಿತು. ಅದರಲ್ಲಿ ಅರ್ಧವನ್ನು ಅವಳು ಮನೆಗೆ ಕಳಿಸುತ್ತ ಬಂದಳು. ತಂದೆ ಈಗ ಮನೆಯ ಮುಂದೆ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ಹೋದ ಉಸಿರು ಮರಳಿ ಬಂದಿಲ್ಲ, ಆದರೆ ಇದ್ದದ್ದು ಉಳಿದಿದೆ.

ಓದುವವನ ಊಟ-ವಸತಿಯ ಹೊಣೆಯನ್ನು ಸಮಾಜ ಹೊರುವುದು ನಮ್ಮ ನೆಲಕ್ಕೆ ಹೊಸತಲ್ಲ. ಚಿತ್ತಾಪುರದ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಶಾಸನದಲ್ಲಿ ಅಲ್ಲಿಯ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೂ, ಉಪಾಧ್ಯಾಯರಿಗೂ, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರಿಗೂ ಮಾಡಿದ ಏರ್ಪಾಡಿನ ವಿವರವಿದೆ. ಆ ಕಲ್ಲಿನ ಕಂಬಗಳನ್ನು ಕಡಿದವರ ಮಕ್ಕಳಿಗೆ ಆಗ ಒಳಗೆ ಜಾಗವಿತ್ತೆಂದು ನನಗನಿಸುವುದಿಲ್ಲ. ಇಂದು ಕಲ್ಲಿಗೆ ಪಾಲಿಶ್ ಹಾಕಿದವರ ಮಗಳು ತನ್ನ ಸಂಶೋಧನಾ ಪ್ರಬಂಧದ ಕೊನೆಯ ಅಧ್ಯಾಯ ಬರೆಯುತ್ತಿದ್ದಾಳೆ.

ಕೇಳಿದ ಬಂಧುಗಳಿಗೆ ನನ್ನ ಮಾತು ಇಷ್ಟೇ: ಮಗನನ್ನು ಕಳಿಸಿರಿ. ಹೊರಡುವ ಮುನ್ನ ವೈದ್ಯರಿಂದ ಹೃದಯ, ಶ್ವಾಸಕೋಶ, ರಕ್ತದ ತಪಾಸಣೆ ಮಾಡಿಸಿರಿ. ತಲೆನೋವು ಬಂದರೆ ಮುಚ್ಚಿಡದೆ ಜೊತೆಯವರಿಗೆ ಹೇಳಬೇಕು, ಮೇಲಕ್ಕೆ ಹೋಗಬಾರದು ಎಂದು ತಿಳಿಸಿರಿ. ನಾಚಿಕೆಯಿಂದ ಬೇನೆ ಮುಚ್ಚಿಟ್ಟವರೇ ಅಲ್ಲಿ ಅಪಾಯಕ್ಕೆ ಸಿಕ್ಕುವುದು. ಬಿಸಿಲೂರಿನವನೆಂಬ ಅಳುಕು ಬೇಡ. ಲಡಾಖಿನವರೋ ಲಾಹೌಲಿನವರೋ ಆಗಿರದಿದ್ದರೆ ದೆಹಲಿಯವನೂ ಬೆಂಗಳೂರಿನವನೂ ಅಲ್ಲಿ ನಮ್ಮಷ್ಟೇ ಹೊಸಬರು. ಶೇಂಗಾ ಹಿಂಡಿಯನ್ನು ಸ್ವಲ್ಪ ಹೆಚ್ಚಾಗಿಯೇ ಕಟ್ಟಿಕೊಡಿರಿ. ಜೊತೆಯ ಹತ್ತು ಜನ ಕೈಯೊಡ್ಡುತ್ತಾರೆ. ಶುಭವಾಗಲಿ.